ಕೊನೆಯ ಸೈನಿಕರು: ದಾವಣಗೆರೆ, ಚಿತ್ರದುರ್ಗದ ಕಡೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ, ಅಂದರೆ ಸೈನ್ಯಕ್ಕೆ ರಸ್ತೆ, ಸೇತುವೆ ಕಟ್ಟಿಕೊಡುವ ಪಡೆಯಲ್ಲಿ. ಜಗಳೂರು ಕಡೆಯ ಹಳ್ಳಿಯವನು. ಅವನು ತೀರಿಕೊಂಡ ಮೇಲೆ ಅವನ ಕಪ್ಪು ಟ್ರಂಕು ನನ್ನ ಪಾಲಿಗೆ ಬಂತು. ಬೇರೆ ಯಾರಿಗೂ ಅದು ಬೇಕಿರಲಿಲ್ಲ, ಅಷ್ಟೆ. ಅಂದಿನಿಂದ ಎರಡೂ ಜಿಲ್ಲೆಗಳಲ್ಲಿ ಹಳೇ ಸೈನಿಕರ ಮನೆ ಹುಡುಕಿಕೊಂಡು ಹೋಗುವುದು ನನಗೊಂದು ಗೀಳಾಯಿತು. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಚಹಾದಂಗಡಿಯಲ್ಲಿ ಜನ ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಗಳು. ಪ್ರತಿ ಸಲ ಮೊದಲಿಂದ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಎರಡನೇ ಮಹಾಯುದ್ಧಕ್ಕೆ ಹೋದವರು ಈಗಲೂ ಬದುಕಿದ್ದಾರಾ?

ಇದ್ದಾರೆ, ಆದರೆ ತೀರಾ ಕಮ್ಮಿ. ಲೆಕ್ಕ ಸುಲಭ. ಯುದ್ಧ ಮುಗಿದದ್ದು 1945ರಲ್ಲಿ. ಆಗ 18 ವರ್ಷದವರಾಗಿದ್ದವರು ಹುಟ್ಟಿದ್ದು 1927ರಲ್ಲಿ. ಅಂದರೆ ಅವರಲ್ಲಿ ತೀರಾ ಚಿಕ್ಕವರಿಗೂ ಈಗ ನೂರರ ಹತ್ತಿರ. ಅಮೆರಿಕದಲ್ಲಿ 1 ಕೋಟಿ 64 ಲಕ್ಷ ಜನ ಆ ಯುದ್ಧದಲ್ಲಿ ಸೇವೆ ಮಾಡಿದ್ದರು. 2024ರ ಹೊತ್ತಿಗೆ ಉಳಿದವರು ಸುಮಾರು 66 ಸಾವಿರ ಅಂತ ಅಲ್ಲಿನ ಸರ್ಕಾರದ ಅಂದಾಜು.

ಭಾರತದ ಸೈನ್ಯದಲ್ಲಿ ಆಗ ಸುಮಾರು 25 ಲಕ್ಷ ಜನ ಇದ್ದರು. ಕಡ್ಡಾಯ ಭರ್ತಿ ಇರಲಿಲ್ಲ. ತಾವಾಗಿಯೇ ಸೇರಿದವರ ಸೈನ್ಯ ಅಂತ ನೋಡಿದರೆ ಜಗತ್ತಿನಲ್ಲೇ ದೊಡ್ಡದು. ಸತ್ತವರು ಸುಮಾರು 87 ಸಾವಿರ. ಈ "ತಾವಾಗಿಯೇ" ಅನ್ನುವ ಮಾತನ್ನು ಮಾತ್ರ ನಮ್ಮ ಕಡೆಯವರು ಸ್ವಲ್ಪ ತೂಗಿ ನೋಡಬೇಕು. ಅಜ್ಜನನ್ನು ಯಾಕೆ ಸೇರಿದೆ ಅಂತ ಕೇಳಿದರೆ, "ಆ ವರ್ಷ ಮಳೆ ಬಂದಿದ್ರೆ ನಾನ್ಯಾಕೆ ಹೋಗ್ತಿದ್ದೆ?" ಅನ್ನುತ್ತಿದ್ದ. ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಮಹಾಯುದ್ಧದವರು?

ಯಾರೂ ಇಲ್ಲ. ಆ ಯುದ್ಧ ನಿಂತದ್ದು 1918ರ ನವೆಂಬರ್ 11ಕ್ಕೆ. ಜಗತ್ತಿನಲ್ಲೇ ಕೊನೆಯವರು ಅಂತ ಗುರುತಾದವರು ಇಂಗ್ಲೆಂಡಿನ ಫ್ಲಾರೆನ್ಸ್ ಗ್ರೀನ್ ಎಂಬ ಅಜ್ಜಿ. 2012ರ ಫೆಬ್ರವರಿ 4ಕ್ಕೆ ತೀರಿಕೊಂಡರು. ಇನ್ನು ಎರಡು ವಾರ ಇದ್ದಿದ್ದರೆ 111 ತುಂಬುತ್ತಿತ್ತು.

ಹೆಂಗಸಾ? ಯುದ್ಧ ಮಾಡಿದ್ದರಾ?

ಈ ಪ್ರಶ್ನೆ ಬಂದೇ ಬರುತ್ತದೆ. ಅವರು ಬ್ರಿಟನ್ನಿನ ವಾಯುಪಡೆಯ ಮಹಿಳಾ ವಿಭಾಗ ಸೇರಿ ಆಫೀಸರ್‌ಗಳ ಮೆಸ್ಸಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. ಬಂದೂಕು ಹಿಡಿದವರಲ್ಲ.

"ಕೊನೆಯವರು" ಅನ್ನುವ ಪಟ್ಟ ಒಂದೇ ಇಲ್ಲ. ಕಂದಕದಲ್ಲಿ ಕಾದಾಡಿದವರಲ್ಲಿ ಕೊನೆಯವರು ಹ್ಯಾರಿ ಪ್ಯಾಚ್. 2009ರ ಜುಲೈ 25ಕ್ಕೆ, 111ನೇ ವಯಸ್ಸಿನಲ್ಲಿ ಹೋದರು. ಅದಕ್ಕೆ ಒಂದು ವಾರ ಮೊದಲು ಹೋದವರು ಹೆನ್ರಿ ಆಲಿಂಗ್‌ಹ್ಯಾಮ್, 113 ವರ್ಷ. ಯುದ್ಧದಲ್ಲಿ ನೇರವಾಗಿ ಇದ್ದವರಲ್ಲಿ ಕೊನೆಯವರು ನೌಕಾಪಡೆಯ ಕ್ಲಾಡ್ ಚೌಲ್ಸ್. 2011ರ ಮೇ 5ಕ್ಕೆ ಆಸ್ಟ್ರೇಲಿಯಾದಲ್ಲಿ, 110ರಲ್ಲಿ. ಸಮವಸ್ತ್ರ ತೊಟ್ಟವರೆಲ್ಲ ಲೆಕ್ಕಕ್ಕೆ ಬಂದರೆ ಫ್ಲಾರೆನ್ಸ್ ಗ್ರೀನ್.

ನಾಯಕನಹಟ್ಟಿ ಜಾತ್ರೆಯಲ್ಲಿ ತೇರು ಎಳೆದವರು ಯಾರು ಅಂತ ಕೇಳಿ ನೋಡಿ. ಹಗ್ಗ ಹಿಡಿದವರು ನಾವು ಅನ್ನುತ್ತಾರೆ. ಗಾಲಿಗೆ ಮರದ ತುಂಡು ಕೊಟ್ಟು ತೇರು ತಿರುಗಿಸಿದವರು ನಾವಿಲ್ಲದೆ ಆಗ್ತಿತ್ತಾ ಅನ್ನುತ್ತಾರೆ. ಹಿಂದೆ ದಾಸೋಹದಲ್ಲಿ ಬೆಳಗಿನಿಂದ ಅನ್ನ ಬಸಿಯುತ್ತಿದ್ದವರನ್ನು ಯಾರೂ ಕೇಳುವುದೇ ಇಲ್ಲ. ನಮ್ಮ ಹಳ್ಳಿಗಳಲ್ಲೂ ಹೀಗೇ. "ಅವ್ರು ಬರೀ ಅಡುಗೆಯವ್ರು", "ಅವ್ರು ಲಾರಿ ಡ್ರೈವರ್ ಅಷ್ಟೆ" ಅಂತ ಮನೆಯವರೇ ತಳ್ಳಿಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬರ್ಮಾದ ಕೆಸರಿನಲ್ಲಿ ಲಾರಿ ಓಡಿಸಿದವರ ಹತ್ತಿರ ಇರುವ ಕಥೆ ಸಾಮಾನ್ಯದ್ದಲ್ಲ.

ನಮ್ಮ ಕಡೆಯವರಿಗೆ ಮೊದಲ ಮಹಾಯುದ್ಧದ ಜೊತೆ ಏನು ಸಂಬಂಧ?

ಆಗ ನಾವು ಮೈಸೂರು ಸಂಸ್ಥಾನದವರು. ಸಂಸ್ಥಾನದ್ದೇ ಕುದುರೆ ಸೈನ್ಯ ಇತ್ತು, ಮೈಸೂರು ಲ್ಯಾನ್ಸರ್ಸ್. ಯುದ್ಧ ಶುರುವಾದಾಗ ಅವರನ್ನು ಈಜಿಪ್ಟಿಗೆ, ಸೂಯೆಜ್ ಕಾಲುವೆ ಕಾಯಲು ಕಳಿಸಿದರು. 1918ರ ಸೆಪ್ಟೆಂಬರ್ 23ರಂದು ಅವರೂ ಜೋಧಪುರದ ಲ್ಯಾನ್ಸರ್‌ಗಳೂ ಸೇರಿ ಹೈಫಾ ಪಟ್ಟಣ ಹಿಡಿದರು. ಎದುರಿಗೆ ಮಷೀನ್‌ಗನ್ನು, ಫಿರಂಗಿ. ಇವರ ಕೈಯಲ್ಲಿ ಭರ್ಜಿ, ಕತ್ತಿ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಿತು. ಸಂಜೆಯ ಹೊತ್ತಿಗೆ ತುರ್ಕಿ ಮತ್ತು ಜರ್ಮನ್ ಸೈನಿಕರು ಸೇರಿ 1,350 ಜನ ಸೆರೆ. ಇವರ ಕಡೆ ಸತ್ತವರು 8, ಗಾಯಗೊಂಡವರು 34.

ದೆಹಲಿಯ ತೀನ್ ಮೂರ್ತಿ ಚೌಕದಲ್ಲಿ ಮೂರು ಪ್ರತಿಮೆ ಇವೆಯಲ್ಲ, ಅವುಗಳಲ್ಲಿ ಒಂದು ನಮ್ಮ ಮೈಸೂರಿನದು. ಉಳಿದೆರಡು ಜೋಧಪುರ, ಹೈದರಾಬಾದಿನವು. 2018ರಲ್ಲಿ ಆ ಚೌಕದ ಹೆಸರಿಗೆ ಹೈಫಾ ಅಂತಲೂ ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕ ಇದೆ. ದಾವಣಗೆರೆಯಿಂದ ಬೆಂಗಳೂರಿಗೆ ನೂರು ಸಲ ಹೋಗಿ ಬಂದವರಲ್ಲಿ ಅದನ್ನು ನೋಡಿದ ಒಬ್ಬರೂ ನನಗೆ ಸಿಕ್ಕಿಲ್ಲ. ನಾನೂ ನೋಡಿದ್ದು ಐವತ್ತು ದಾಟಿದ ಮೇಲೆ, ಬಿಡಿ.

ಆ ಸವಾರರಲ್ಲಿ ಕೊನೆಯವನು ಯಾರು, ಯಾವ ಊರಲ್ಲಿ ತೀರಿಕೊಂಡ ಅಂತ ನಾನಂತೂ ಯಾವ ಶಾಲೆ ಪುಸ್ತಕದಲ್ಲೂ ಓದಿಲ್ಲ.

ಬೇರೆ ದೇಶಗಳು ಕೊನೆಯ ಸೈನಿಕ ಹೋದಾಗ ಏನು ಮಾಡಿದವು?

ಒಂದೊಂದು ದೇಶ ಒಂದೊಂದು ಥರ. ಫ್ರಾನ್ಸಿನ ಕೊನೆಯವರು ಲಝಾರ್ ಪೊಂಟಿಚೆಲ್ಲಿ, ಹುಟ್ಟಿದ್ದು ಇಟಲಿಯ ಬಡವರ ಮನೆಯಲ್ಲಿ. ಸರ್ಕಾರಿ ಮರ್ಯಾದೆಯ ಅಂತ್ಯಕ್ರಿಯೆ ಮಾಡುತ್ತೇವೆ ಅಂದಾಗ ಮೊದಲು ಬೇಡ ಅಂದರು. ಯುದ್ಧದಲ್ಲಿ ಸತ್ತವರಿಗೆ ಇಲ್ಲದ ಮರ್ಯಾದೆ ಕೊನೆಗೆ ಉಳಿದ ಒಬ್ಬನಿಗೆ ಯಾಕೆ ಅನ್ನುವುದು ಅವರ ತಕರಾರು. ಆಮೇಲೆ ಸತ್ತ ಎಲ್ಲರ ಹೆಸರಿನಲ್ಲಿ, ಆಡಂಬರ ಇಲ್ಲದೆ ಆದರೆ ಆಗಲಿ ಅಂತ ಒಪ್ಪಿದರು. 2008ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷದ ಮೊದಲ ದಿನವೇ ಜರ್ಮನಿಯ ಎರಿಕ್ ಕೆಸ್ಟ್ನರ್ 107ರಲ್ಲಿ ಹೋಗಿದ್ದರು. ಅಲ್ಲಿ ಅಂಥವರ ಲೆಕ್ಕವನ್ನು ಸರ್ಕಾರ ಇಟ್ಟೇ ಇರಲಿಲ್ಲ. ಕೊನೆಯವರು ಅನ್ನುವುದು ಜನಕ್ಕೆ ಗೊತ್ತಾಗಿದ್ದೇ ಆಮೇಲೆ. ಸೋತವರ ಮನೆಯಲ್ಲಿ ಯಾರೂ ಎಣಿಸುತ್ತಾ ಕೂರುವುದಿಲ್ಲ ಅಂತ ಕಾಣುತ್ತದೆ. ನಾವು ಗೆದ್ದವರ ಕಡೆಯೇ ಇದ್ದೆವು, ಆದರೂ ಎಣಿಸಲಿಲ್ಲ. ಯುದ್ಧ ನಮ್ಮದಾಗಿರಲಿಲ್ಲ ಅನ್ನುವುದೂ ಒಂದು ಕಾರಣ ಇರಬಹುದು.

ಚೌಲ್ಸ್ ಅಂತೂ ಮೆರವಣಿಗೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಯುದ್ಧದ ಸಂಭ್ರಮ ಅವರಿಗೆ ಆಗುತ್ತಿರಲಿಲ್ಲ.

ನಮ್ಮೂರ ಅಜ್ಜ ತನಗೆ 104 ಅಂತಾರೆ. ನಂಬಬಹುದಾ?

ಆಧಾರ್ ಕಾರ್ಡು ನೋಡಿ ನಂಬಬೇಡಿ. ನಮ್ಮ ಹಳ್ಳಿಗಳ ಮುದುಕರೆಲ್ಲ ಜನವರಿ 1ಕ್ಕೇ ಹುಟ್ಟಿದ್ದಾರೆ, ಅಲ್ವಾ? ಫಾರಂ ತುಂಬಿದ ಹುಡುಗ ಮುಖ ನೋಡಿ ಬರೆದ ವರ್ಷ ಅದು.

ನಾನು ಬೇರೆ ದಾರಿ ಹಿಡಿಯುತ್ತೇನೆ. ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ ಕಡೆಯವರಾದರೆ, "ಅಜ್ಜಾರೆ, ಮಾರಿಕಣಿವೆ ಮೊದಲ್ನೇ ಸಲ ಕೋಡಿ ಬಿದ್ದಾಗ ನೀವು ಎಷ್ಟು ದೊಡ್ಡೋರಿದ್ರಿ?" ಅಂತ ಕೇಳುತ್ತೇನೆ. ಅದು 1933. ಆಮೇಲೆ ಅದೇ ಅಣೆಕಟ್ಟು, ಅಂದರೆ ವಾಣಿ ವಿಲಾಸ ಸಾಗರ, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ನಡುವೆ ಬೇರೆ ಕೋಡಿ ಇಲ್ಲದೇ ಇರುವುದರಿಂದ ಗಲಿಬಿಲಿ ಆಗುವುದಿಲ್ಲ. ಅಪ್ಪನ ಹೆಗಲ ಮೇಲೆ ಕೂತು ನೋಡಿದೆ ಅಂದರೆ ಐದಾರು ವರ್ಷ ಇರಬೇಕು. ಆಗ 1945ಕ್ಕೆ ಹದಿನೇಳು ಹದಿನೆಂಟು. ಲೆಕ್ಕ ಕೂಡುತ್ತದೆ. ಎತ್ತಿನ ಗಾಡಿ ನಾನೇ ಹೊಡ್ಕೊಂಡು ಹೋಗಿದ್ದೆ ಅಂದರೆ ನೂರು ಖಂಡಿತ ದಾಟಿದೆ. ದಾವಣಗೆರೆ ಪೇಟೆಯವರಾದರೆ ಯಾವ ಹತ್ತಿ ಗಿರಣಿಯಲ್ಲಿ ಅಪ್ಪ ಕೆಲಸಕ್ಕಿದ್ದ, ಗಾಂಧೀಜಿ ಬಂದದ್ದು ನೆನಪಿದೆಯಾ ಅಂತ ಶುರು ಮಾಡುತ್ತೇನೆ.

ಸುಳ್ಳು ಹೇಳುವವರೂ ಇರ್ತಾರಾ?

ಇರ್ತಾರೆ. ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಕೊನೆಯ ಸೈನಿಕ ಅಂತ 1959ರಲ್ಲಿ ವಾಲ್ಟರ್ ವಿಲಿಯಮ್ಸ್ ಎಂಬುವನಿಗೆ ಭಾರಿ ಮರ್ಯಾದೆ ಸಿಕ್ಕಿತು. 117 ವರ್ಷ ಅಂತ ಹೇಳಿಕೊಂಡಿದ್ದ. ಹಳೇ ಜನಗಣತಿ ಪಟ್ಟಿ ತೆಗೆದು ನೋಡಿದರೆ ಯುದ್ಧ ನಡೆಯುವಾಗ ಅವನಿನ್ನೂ ಚಿಕ್ಕ ಹುಡುಗ. ತಕರಾರಿಲ್ಲದ ಕೊನೆಯವನು 1956ರ ಆಗಸ್ಟ್ 2ಕ್ಕೆ ತೀರಿಕೊಂಡ ಆಲ್ಬರ್ಟ್ ವೂಲ್ಸನ್, ಪಲ್ಟನ್ನಿನಲ್ಲಿ ತಮಟೆ ಬಡಿಯಲು ಸೇರಿದ್ದ ಹುಡುಗ.

ಆದರೆ ಎಲ್ಲ ತಪ್ಪೂ ಸುಳ್ಳಲ್ಲ. ನಮ್ಮ ಅಜ್ಜನದ್ದೇ ಹೇಳುತ್ತೇನೆ. ಈಗಿನ ನಾಗಾಲ್ಯಾಂಡಿನ ಕೊಹಿಮಾ ಕಾಳಗವನ್ನು ಅವನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದ. ಜಿಲ್ಲಾಧಿಕಾರಿ ಬಂಗಲೆಯ ಟೆನಿಸ್ ಅಂಕಣ. ಆಚೆ ಬದಿ ಜಪಾನಿನವರು, ಈಚೆ ಬದಿ ನಮ್ಮವರು, ನಡುವೆ ಕೈಬಾಂಬು ಚೆಂಡಿನ ಹಾಗೆ ಹೋಗಿ ಬರುತ್ತಿತ್ತು. ಇದೆಲ್ಲ ನಡೆದದ್ದು ನಿಜ. 1944ರ ಏಪ್ರಿಲ್ 4ರಿಂದ ಜೂನ್ 22ರವರೆಗಿನ ಕಾಳಗ ಅದು. ಬ್ರಿಟನ್ನಿನ ಸೇನಾ ಮ್ಯೂಸಿಯಂ 2013ರಲ್ಲಿ ನಡೆಸಿದ ಮತದಾನದಲ್ಲಿ ಇಂಫಾಲ್-ಕೊಹಿಮಾವನ್ನೇ ತಮ್ಮ ಅತಿ ದೊಡ್ಡ ಕಾಳಗ ಅಂತ ಆರಿಸಿದರು. ತೊಂದರೆ ಏನೆಂದರೆ, ಸೈನ್ಯ ಬಿಟ್ಟಾಗ ಅಜ್ಜನಿಗೆ ಕೊಟ್ಟ ಡಿಸ್ಚಾರ್ಜ್ ಬುಕ್ಕಿನ ಪ್ರಕಾರ ಆಗ ಅವನು ಬೆಂಗಳೂರಿನಲ್ಲಿ, ಹಲಸೂರು ಕೆರೆ ಪಕ್ಕದ ಸ್ಯಾಪರ್ಸ್ ಸೆಂಟರಿನಲ್ಲಿ ಇನ್ನೂ ತರಬೇತಿಯಲ್ಲಿದ್ದ ರಂಗ್‌ರೂಟ್. ಬರ್ಮಾ ಗಡಿ ದಾಟಿದ್ದು 1945ರಲ್ಲಿ.

ಇದನ್ನು ಮೊದಲ ಸಲ ನೋಡಿದಾಗ ಪುಸ್ತಕ ಮುಚ್ಚಿಟ್ಟುಬಿಟ್ಟೆ. ಎರಡು ವಾರ ಯಾರಿಗೂ ಹೇಳಲಿಲ್ಲ. ಆಮೇಲೆ ಬೇರೆ ಅಜ್ಜಂದಿರ ಜೊತೆ ಮಾತಾಡುತ್ತಾ ಗೊತ್ತಾಯಿತು. ರಾತ್ರಿ ಟೆಂಟಿನಲ್ಲಿ ಒಬ್ಬ ಹೇಳಿದ್ದನ್ನು ಹತ್ತು ಜನ ಕೇಳುತ್ತಾರೆ. ಹೇಳಿದವನು ಮುಂದಿನ ತಿಂಗಳು ಇರುವುದಿಲ್ಲ. ಎಪ್ಪತ್ತು ವರ್ಷ ಆದ ಮೇಲೆ ಯಾರು ಕಂಡದ್ದು, ಯಾರು ಕೇಳಿದ್ದು ಅನ್ನುವ ಗೆರೆ ಅಳಿಸಿಹೋಗಿರುತ್ತದೆ. ಹಾಗಾಗಿ ನಾನು ಎರಡನ್ನೂ ಬರೆದುಕೊಳ್ಳುತ್ತೇನೆ. ಎಡಗಡೆ ಅಜ್ಜ ಹೇಳಿದ್ದು, ಬಲಗಡೆ ಕಾಗದ ಹೇಳಿದ್ದು. ಒಂದಕ್ಕೆ ಇನ್ನೊಂದನ್ನು ತಿದ್ದಲು ಹೋಗುವುದಿಲ್ಲ. ಅಜ್ಜನ ಎದುರಿಗೆ ಪುಸ್ತಕ ತೆಗೆದು "ನೀವು ಅಲ್ಲಿ ಇರ್ಲೇ ಇಲ್ವಲ್ಲ" ಅನ್ನುವ ಕೆಲಸವನ್ನಂತೂ ಯಾವತ್ತೂ ಮಾಡಬೇಡಿ.

ಮಾತಾಡಿಸೋದು ಹೇಗೆ? ನಮ್ಮ ತಾತ ಬಾಯೇ ಬಿಡಲ್ಲ.

ಹ್ಯಾರಿ ಪ್ಯಾಚ್ ನೂರು ವರ್ಷ ತುಂಬುವವರೆಗೂ ಯುದ್ಧದ ಬಗ್ಗೆ ಮನೆಯವರ ಹತ್ತಿರವೂ ಮಾತಾಡಿರಲಿಲ್ಲ. 1917ರ ಸೆಪ್ಟೆಂಬರ್ 22ಕ್ಕೆ ಒಂದು ಶೆಲ್ ಬಿದ್ದು ಅವರ ಮೂವರು ಗೆಳೆಯರು ಸತ್ತರು, ಅವರಿಗೂ ಗಾಯವಾಯಿತು. ದೇಶವೆಲ್ಲ ನವೆಂಬರ್ 11ನ್ನು ಆಚರಿಸಿದರೆ ಅವರ ಪಾಲಿನ ನೆನಪಿನ ದಿನ ಸೆಪ್ಟೆಂಬರ್ 22. ಹಾಗಾಗಿ ನಿಮ್ಮ ತಾತನಿಗೆ ತೊಂಬತ್ತೇ ಆಗಿದ್ದರೆ ಇನ್ನೂ ಹತ್ತು ವರ್ಷ ಟೈಮ್ ಕೊಡಿ. ತಮಾಷೆಗೆ ಹೇಳಿದೆ. ಅಷ್ಟು ಟೈಮ್ ಯಾರ ಹತ್ತಿರವೂ ಇಲ್ಲ.

ನಾನು ಕಲಿತದ್ದು ಇಷ್ಟು. "ಎಷ್ಟು ಜನರನ್ನ ಹೊಡೆದ್ರಿ?" ಅಂತ ಕೇಳಬೇಡಿ. ಮೊಮ್ಮಕ್ಕಳು ಕೇಳುವುದು ಇದನ್ನೇ, ಅಲ್ಲಿಗೆ ಮಾತು ನಿಂತಿತು. ಊಟದಿಂದ ಶುರು ಮಾಡಿ. ಮುದ್ದೆ ತಿಂದು ಬೆಳೆದವರಿಗೆ ಅಲ್ಲಿ ಏನು ಕೊಡುತ್ತಿದ್ದರು? ಬೂಟು ಕಾಲಿಗೆ ಹಿಡಿಯಿತಾ? ಹಡಗಿನಲ್ಲಿ ವಾಂತಿ ಆಯ್ತಾ? ಪಕ್ಕದ ಹಾಸಿಗೆಯವನು ಯಾವ ಊರಿನವನು? ಕನ್ನಡ ಮಾತಾಡಲು ಯಾರಾದರೂ ಇದ್ದರಾ? ಬೂಟಿನ ಬಗ್ಗೆ ಕೇಳಿದ ಒಂದೇ ಪ್ರಶ್ನೆಗೆ ಒಬ್ಬ ಅಜ್ಜ ಒಂದೂವರೆ ಗಂಟೆ ಮಾತಾಡಿದ್ದು ನನ್ನ ಫೋನಿನಲ್ಲಿದೆ. ಬರಿಗಾಲಿನಲ್ಲಿ ಬೆಳೆದ ಹುಡುಗನಿಗೆ ಬೂಟೇ ಮೊದಲ ಶತ್ರು.

ಅವರ ಮಾತಿನಲ್ಲಿ ಲಂಗರ್, ಪಲ್ಟನ್, ಹುಕುಂ, ಬಿಸ್ತರ್ ಅಂತ ಬರುತ್ತದೆ. ತಡೆದು ಅರ್ಥ ಕೇಳಬೇಡಿ, ಗುರುತು ಹಾಕಿಕೊಂಡು ಆಮೇಲೆ ಕೇಳಿ. ಯಾವ ಕಿವಿ ಕೇಳುತ್ತದೆ ಅಂತ ಮೊದಲೇ ತಿಳಿದುಕೊಂಡು ಆ ಕಡೆ ಕೂತುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಕರೆ ಬಾರದ ಹಾಗೆ ಇಟ್ಟುಕೊಳ್ಳಿ. ಅಪ್ಪನ ಬದಲು ಮಗನೇ ಉತ್ತರ ಕೊಡಲು ಶುರು ಮಾಡಿದರೆ, ಅಣ್ಣಾರೆ ಒಂದು ಚಹಾ ಸಿಗ್ತದಾ ಅಂತ ಕೇಳಿ ಒಳಗೆ ಕಳಿಸಿ. ಇದು ನೂರಕ್ಕೆ ನೂರು ಕೆಲಸ ಮಾಡುತ್ತದೆ. ಹಣ್ಣಿನ ಬುಟ್ಟಿ ಒಯ್ಯಬೇಡಿ, ಸೇಬು ಕಚ್ಚಲು ಹಲ್ಲೆಲ್ಲಿದೆ? ನಾನು ದಾವಣಗೆರೆಯಿಂದ ನರ್ಗೀಸ್ ಮಂಡಕ್ಕಿ ಒಯ್ಯುತ್ತೇನೆ. ಮೆಣಸಿನಕಾಯಿ ಬೋಂಡ ಮಗನಿಗೆ, ಚಹಾ ತಂದದ್ದಕ್ಕೆ.

ಸುಸ್ತಾದರು ಅನಿಸಿದರೆ ಎದ್ದು ಬನ್ನಿ. ನಾಳೆ ಮತ್ತೆ ಹೋಗಿ ಅದೇ ಕಥೆ ಕೇಳಿ. ಎರಡನೇ ಸಲ ಬೇರೆಯೇ ಬಾಗಿಲು ತೆಗೆಯುತ್ತದೆ.

ಸನ್ಮಾನ ಮಾಡಬೇಕು ಅಂತಿದ್ದೀವಿ. ಯಾರಾದ್ರೂ ಇದ್ದರೆ ಹೇಳ್ತೀರಾ?

ಆಗಸ್ಟ್, ಜನವರಿ ಹತ್ತಿರ ಬಂದರೆ ಈ ಫೋನು ಜಾಸ್ತಿ. ಹೇಳುತ್ತೇನೆ, ಆದರೆ ನೀವೇ ಅವರ ಮನೆಗೆ ಹೋಗಿ. ಒಂದು ಸಲ ಒಂದು ಸಮಾರಂಭಕ್ಕೆ ನಾನೇ ಒಬ್ಬ ಅಜ್ಜನನ್ನು ಕರೆದುಕೊಂಡು ಹೋಗಿದ್ದೆ. ಮುಖ್ಯ ಅತಿಥಿ ಬರುವುದು ಮೂರು ಗಂಟೆ ತಡವಾಯಿತು. ಶಾಮಿಯಾನದ ನೆರಳು ಸರಿದು ಬಿಸಿಲು ಅಜ್ಜನ ಮೇಲೇ ಬಿತ್ತು. ಕುರ್ಚಿ ಸರಿಸೋಣ ಅಂದರೆ ಪ್ರೋಟೋಕಾಲ್ ಅಂದರು. ಶಾಲು ಹೊದಿಸುವಾಗ ಅಜ್ಜನ ಹೆಸರನ್ನೇ ತಪ್ಪಾಗಿ ಓದಿದರು. ವಾಪಸ್ ಬರುವಾಗ ಕಾರಿನಲ್ಲಿ ಅಜ್ಜ ಅಂದದ್ದು: "ಬರ್ಮಾದಾಗೆ ಇಷ್ಟು ಹೊತ್ತು ನಿಲ್ಲಿಸಿರ್ಲಿಲ್ಲಪ್ಪ."

ಟ್ರಂಕಿನಲ್ಲಿ ಹಳೇ ಕಾಗದ, ಮೆಡಲ್ ಸಿಕ್ಕಿವೆ. ಏನು ನೋಡಬೇಕು?

ಮೊದಲು ಡಿಸ್ಚಾರ್ಜ್ ಬುಕ್. ಸೈನಿಕನ ನಂಬರು, ಅಪ್ಪನ ಹೆಸರು, ಊರು, ಸೇರಿದ ದಿನ, ಬಿಟ್ಟ ದಿನ, ಮೆಡಲ್‌ಗಳ ಹೆಸರು ಅದರಲ್ಲಿರುತ್ತವೆ. ಹೆಸರಿಗಿಂತ ನಂಬರು ಮುಖ್ಯ. ನಮ್ಮ ಹೆಸರುಗಳನ್ನು ಆಗಿನ ಗುಮಾಸ್ತರು ಹೇಗೆ ಬೇಕೋ ಹಾಗೆ ಬರೆದಿದ್ದಾರೆ. ಊರಿನ ಹೆಸರೂ ಅಷ್ಟೆ, ಚಿತ್ರದುರ್ಗ ಅಲ್ಲಿ ಚಿತಲ್‌ದ್ರುಗ್ ಆಗಿರುತ್ತದೆ.

ಇನ್ನೊಂದು ಮಾತು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಹಳೇ ಕಾಗದದಲ್ಲಿ ದಾವಣಗೆರೆ, ಹರಿಹರ, ಜಗಳೂರಿನವರೆಲ್ಲ ಚಿತ್ರದುರ್ಗ ಜಿಲ್ಲೆಯವರು. ಹೊನ್ನಾಳಿ, ಚನ್ನಗಿರಿಯವರು ಶಿವಮೊಗ್ಗದವರು. ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆ, ಅಂದರೆ ಮೈಸೂರು ಸಂಸ್ಥಾನವೇ ಅಲ್ಲ, ಮದ್ರಾಸ್ ಪ್ರಾಂತ್ಯ. ಪಕ್ಕಪಕ್ಕದ ಹಳ್ಳಿಯ ಇಬ್ಬರು ಹುಡುಗರ ದಾಖಲೆ ಬೇರೆ ಬೇರೆ ಕಪಾಟಿನಲ್ಲಿರಬಹುದು. ಸ್ಯಾಪರ್ಸ್ ದಾಖಲೆ ಕಚೇರಿ ಬೆಂಗಳೂರಿನಲ್ಲಿದೆ, ಮದ್ರಾಸ್ ರೆಜಿಮೆಂಟಿನದು ಊಟಿ ಹತ್ತಿರದ ವೆಲ್ಲಿಂಗ್ಟನ್‌ನಲ್ಲಿದೆ. ಯುದ್ಧದಲ್ಲಿ ಸತ್ತವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಬಹುದು, ದುಡ್ಡು ಕೊಡಬೇಕಾಗಿಲ್ಲ.

ಮೆಡಲ್‌ಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಎರಡನೇ ಯುದ್ಧದ ಮೆಡಲ್‌ಗಳನ್ನು ಬ್ರಿಟನ್ನಿನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು. ಭಾರತದವರಿಗೆ ಕೊಟ್ಟವುಗಳ ಮೇಲೆ ನಂಬರು, ಹೆಸರು ಕೊರೆದಿರುತ್ತದೆ. ಮೊದಲ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು. ಬರಗಾಲದ ವರ್ಷಗಳಲ್ಲಿ ಅಂಥವು ಅಕ್ಕಸಾಲಿಗನ ಕುಲುಮೆ ಸೇರಿದ ಕಥೆ ನನಗೆ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಸಿಕ್ಕಿದೆ. ಅಲ್ಲಿ ಬೈಯಲು ಯಾರೂ ಇಲ್ಲ. ಹೊಟ್ಟೆ ದೊಡ್ಡದು. ಈಗ ಇರುವುದನ್ನು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಕ್ಷರ ಸವೆದು ಹೋಗುತ್ತದೆ.

ಪಿಂಚಣಿ ಇರಲಿಲ್ವಾ ಇವರಿಗೆ?

ಬಹಳ ಜನಕ್ಕೆ ಇರಲಿಲ್ಲ. ಜವಾನನಿಗೆ ಪಿಂಚಣಿ ಬರಬೇಕಾದರೆ 15 ವರ್ಷ ಸೇವೆ ಆಗಿರಬೇಕು. ಯುದ್ಧಕ್ಕೆ ಅಂತ ಸೇರಿಸಿಕೊಂಡವರನ್ನು ಯುದ್ಧ ಮುಗಿದ ಕೂಡಲೇ ಲಕ್ಷಗಟ್ಟಲೆ ಮನೆಗೆ ಕಳಿಸಿದರು. ನಾಲ್ಕೈದು ವರ್ಷ ಸೇವೆ, ಕೈಯಲ್ಲಿ ಸ್ವಲ್ಪ ದುಡ್ಡು, ಒಂದು ಪುಸ್ತಕ. ನಮ್ಮ ಅಜ್ಜ ವಾಪಸ್ ಬಂದು ಮತ್ತೆ ಅದೇ ಹೊಲ ಉತ್ತ.

ಹೀಗೆ ಪಿಂಚಣಿ ಇಲ್ಲದ, 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಪೆನ್ಯೂರಿ ಗ್ರಾಂಟ್ ಅಂತ ತಿಂಗಳ ಸಹಾಯ ಇದೆ. ಮೊದಲು 4,000 ರೂಪಾಯಿ ಇತ್ತು, 2025ರ ನವೆಂಬರ್ 1ರಿಂದ 8,000 ಮಾಡಿದ್ದಾರೆ. ಅರ್ಜಿ ಹಾಕುವುದು ಸೈನಿಕ ಕಲ್ಯಾಣ ಇಲಾಖೆಯ ನಿಮ್ಮ ಜಿಲ್ಲೆಗೆ ಸೇರಿದ ಕಚೇರಿಯ ಮೂಲಕ.

ಪಿಂಚಣಿ ಇರುವವರಿಗೆ, ಅವರು ಹೋದ ಮೇಲೆ ಕುಟುಂಬ ಪಿಂಚಣಿ ಪಡೆಯುವ ಹೆಂಡತಿಗೆ, ವಯಸ್ಸಾದ ಹಾಗೆ ಮೂಲ ಪಿಂಚಣಿಯ ಮೇಲೆ ಹೆಚ್ಚುವರಿ ಸೇರುತ್ತದೆ. 80ಕ್ಕೆ ಶೇ. 20, 85ಕ್ಕೆ 30, 90ಕ್ಕೆ 40, 95ಕ್ಕೆ 50, 100 ತುಂಬಿದರೆ ಶೇ. 100. ಅಂದರೆ ನೂರಕ್ಕೆ ಮೂಲ ಪಿಂಚಣಿ ಡಬಲ್. ದಾಖಲೆಯಲ್ಲಿ ಹುಟ್ಟಿದ ವರ್ಷ ತಪ್ಪಿದ್ದರೆ ಇದು ಸಿಗುವುದಿಲ್ಲ. ಜನವರಿ 1ರ ತಮಾಷೆ ಇಲ್ಲಿ ತಮಾಷೆಯಾಗಿ ಉಳಿಯುವುದಿಲ್ಲ.

ಸಿಂಗಾಪುರದಲ್ಲಿ ಸೆರೆ ಸಿಕ್ಕವರು, ನೇತಾಜಿ ಸೈನ್ಯ ಸೇರಿದವರು ಯಾವ ಲೆಕ್ಕ?

1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿದ್ದಾಗ ಸೆರೆಯಾದವರಲ್ಲಿ ನಮ್ಮ ಸಂಸ್ಥಾನದ ಮೈಸೂರು ಇನ್ಫೆಂಟ್ರಿಯ ಮೊದಲ ಬೆಟಾಲಿಯನ್ನೂ ಇತ್ತು. ಅಲ್ಲಿಂದ ಮುಂದೆ ಕೆಲವರು ಆಜಾದ್ ಹಿಂದ್ ಫೌಜ್ ಸೇರಿದರು, ಕೆಲವರು ಸೇರಲಿಲ್ಲ. ಸೇರದವರಲ್ಲಿ ಅನೇಕರನ್ನು ಜಪಾನಿನವರು ನ್ಯೂಗಿನಿಯಂಥ ದ್ವೀಪಗಳಿಗೆ ಕೂಲಿಗೆ ಒಯ್ದರು. ಫೌಜ್ ಸೇರಿದವರಿಗೆ ಆಮೇಲೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬಂತು.

ಊರಿನಲ್ಲಿ ಇದರ ಬಗ್ಗೆ ಈಗಲೂ ಪಿಸುಮಾತು ಇದೆ. ಇವರು ದೇಶಭಕ್ತರು, ಅವರು ಬ್ರಿಟಿಷರ ಕಡೆ ಅಂತ. ಇಪ್ಪತ್ತು ವರ್ಷದ ಹುಡುಗ, ಹಸಿವು, ಸುತ್ತ ಬೇಲಿ, ಮನೆಯಿಂದ ಕಾಗದ ಇಲ್ಲ. ಕಟ್ಟೆ ಮೇಲೆ ಕೂತು ಅವನಿಗೆ ಅಂಕ ಕೊಡುವುದಕ್ಕೆ ನನಗಂತೂ ಮನಸ್ಸಿಲ್ಲ. ಇಬ್ಬರ ಮನೆಗೂ ಹೋಗುತ್ತೇನೆ.

ಯುದ್ಧ ಮುಗಿದದ್ದೇ ಗೊತ್ತಿಲ್ಲದೆ ಕಾಡಿನಲ್ಲಿದ್ದ ಜಪಾನಿನವನ ಕಥೆ ನಿಜನಾ?

ನಿಜ. ಹಿರೂ ಒನೊಡಾ, ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದಲ್ಲಿ 1974ರ ಮಾರ್ಚ್‌ವರೆಗೆ. ಹಳೇ ಮೇಲಧಿಕಾರಿಯೇ ಬಂದು ಆಜ್ಞೆ ಓದಿದ ಮೇಲೆ ಶರಣಾದ. ಅದೇ ಡಿಸೆಂಬರಿನಲ್ಲಿ ಇಂಡೋನೇಷ್ಯಾದಲ್ಲಿ ತೈವಾನ್ ಮೂಲದ ಇನ್ನೊಬ್ಬ ಸಿಕ್ಕ.

ವೀರಗಲ್ಲುಗಳಿಗೂ ಇದಕ್ಕೂ ಸಂಬಂಧ ಇದೆಯಾ?

ಮೇಷ್ಟ್ರೊಬ್ಬರು ಕೇಳಿದ ಪ್ರಶ್ನೆ, ನನಗೆ ಇಷ್ಟವಾಯಿತು. ನಮ್ಮ ಎರಡೂ ಜಿಲ್ಲೆಗಳಲ್ಲಿ ಕೆರೆ ಏರಿ ಮೇಲೆ, ಗುಡಿ ಹಿಂದೆ, ಹೊಲದ ಬದುವಿನಲ್ಲಿ ವೀರಗಲ್ಲುಗಳಿವೆ. ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತದ್ದು. ಸಾಮಾನ್ಯವಾಗಿ ಈ ಮೂರು ಹಂತ. ಕಲ್ಲು ಸಿಗುವುದು ಸತ್ತವನಿಗೆ. ಬದುಕಿ ಬಂದವನಿಗೆ ಕಲ್ಲಿಲ್ಲ. ಅವನು ವಾಪಸ್ ಬಂದು ಬದು ಹಾಕಿ, ಮಗಳ ಮದುವೆ ಮಾಡಿ, ಸಾಲ ತೀರಿಸಿ ಸಾಯುತ್ತಾನೆ. 1779ರಲ್ಲಿ ಹೈದರಾಲಿ ದುರ್ಗ ಹಿಡಿದ ಮೇಲೂ ಮದಕರಿ ನಾಯಕನ ಸೈನಿಕರಲ್ಲಿ ಯಾರೋ ಒಬ್ಬ ಎಲ್ಲರಿಗಿಂತ ಕೊನೆಯವನಾಗಿ ಯಾವುದೋ ಹಟ್ಟಿಯಲ್ಲಿ ಮುದುಕನಾಗಿ ಕೂತಿದ್ದಿರಬೇಕು. ಅವನ ಮೊಮ್ಮಗಳು ಏನು ಕೇಳಿದಳೋ.

1962, 65, 71ರವರನ್ನೂ ಸೇರಿಸಿಕೊಳ್ತೀರಾ?

ಸೇರಿಸಿಕೊಳ್ಳಲೇಬೇಕು. 1971ರ ಡಿಸೆಂಬರ್ 16ಕ್ಕೆ ಢಾಕಾದಲ್ಲಿ 93 ಸಾವಿರ ಜನ ಶರಣಾದಾಗ 20 ವರ್ಷದವನಾಗಿದ್ದವನಿಗೆ ಈಗ 75ರ ಆಸುಪಾಸು. ಇವರಿಗೆ ಇನ್ನೂ ಎಲ್ಲ ಚೆನ್ನಾಗಿ ನೆನಪಿದೆ, ಹಲ್ಲೂ ಇವೆ. ಬೆಳಗ್ಗೆ ವಾಕಿಂಗ್‌ನಲ್ಲಿ ಸಿಗುತ್ತಾರೆ. ಸುಮ್ನೆ ಮುಂದೂಡಬೇಡಿ.

ನಮ್ಮ ಅಜ್ಜ ತೀರಿಕೊಂಡು ಹತ್ತು ವರ್ಷ ಆಯ್ತು. ತಡವಾಯ್ತು, ಅಲ್ವಾ?

ಅಜ್ಜಿ ಇದ್ದಾರಾ? ಇದ್ದರೆ ಇವತ್ತೇ ಹೋಗಿ. ಯುದ್ಧದ ಲೆಕ್ಕದಲ್ಲಿ ಹೆಂಡತಿಯರು, ಮಕ್ಕಳು ಸೈನಿಕರಿಗಿಂತ ಎಷ್ಟೋ ವರ್ಷ ಮುಂದಕ್ಕೆ ಬರುತ್ತಾರೆ. ಅಮೆರಿಕದ ಅಂತರ್ಯುದ್ಧದ ಸೈನಿಕನೊಬ್ಬನ ಮಗಳು ಐರೀನ್ ಟ್ರಿಪ್ಲೆಟ್, 2020ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ತಿಂಗಳಿಗೆ 73 ಡಾಲರ್ 13 ಸೆಂಟ್ ಪಿಂಚಣಿ ಪಡೆಯುತ್ತಿದ್ದರು. ಯುದ್ಧ ಮುಗಿದು 155 ವರ್ಷದ ಮೇಲೆ. ಅದೇ ವರ್ಷದ ಡಿಸೆಂಬರಿನಲ್ಲಿ ಹೋದ ಹೆಲೆನ್ ಜಾಕ್ಸನ್ 17ರಲ್ಲಿ 93ರ ಮುದುಕ ಸೈನಿಕನನ್ನು ಮದುವೆಯಾಗಿದ್ದರು. ವಿಷಯವನ್ನು ಹೆಚ್ಚುಕಡಿಮೆ ಇಡೀ ಜನ್ಮ ಮುಚ್ಚಿಟ್ಟಿದ್ದರು.

ನಮ್ಮ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಅಜ್ಜನ ಕಾಗದ ಬಂದರೆ ಊರಿನ ಶಾನುಭೋಗರು ಓದಿ ಹೇಳುತ್ತಿದ್ದರು. ಆಗ ಸೈನಿಕರ ಕಾಗದವನ್ನೆಲ್ಲ ಮೇಲಿನವರು ಒಡೆದು ನೋಡಿಯೇ ಕಳಿಸುತ್ತಿದ್ದರು. ಹಾಗಾಗಿ ಎಲ್ಲಿದ್ದೇನೆ, ಏನಾಗಿದೆ ಅಂತ ಬರೆಯುವ ಹಾಗಿರಲಿಲ್ಲ. ಎಲ್ಲ ಕಾಗದವೂ "ನಾನು ಕ್ಷೇಮ"ದಿಂದ ಶುರು, "ದನಕ್ಕೆ ನೀರು ನೋಡಿಕೋ"ದಲ್ಲಿ ಮುಗಿತು.

ಅಜ್ಜ ಹೋಗಿ ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಅವುಗಳನ್ನು ಅಜ್ಜಿಯ ಮುಂದೆ ಹರಡಿದೆ. ನಾಲ್ಕನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದಳು. "ಇವು ಅವರು ಬರೆದಿದ್ದಲ್ಲ" ಅಂದಳು. ಹೇಗೆ ಗೊತ್ತು ಅಂದೆ. ಓದಲು ಬರದಿದ್ದರೇನು, ಅಕ್ಷರ ಎಡಕ್ಕೆ ವಾಲುತ್ತಾ ಬಲಕ್ಕೆ ವಾಲುತ್ತಾ ಕಾಣಲ್ವಾ ಅಂದಳು. ಆಗಲೇ ಗೊತ್ತಿತ್ತಂತೆ ಅವಳಿಗೆ, ಅಜ್ಜನಿಗೆ ಕೈಯಲ್ಲಿ ಬರೆಯಲು ಆಗುತ್ತಿಲ್ಲ ಅಂತ. ನಾಲ್ಕು ತಿಂಗಳು ಯಾರಿಗೂ ಹೇಳದೆ ದನಕ್ಕೆ ನೀರು ನೋಡಿಕೊಂಡಳು. ಐದನೇ ಕಾಗದದಲ್ಲಿ ಅಕ್ಷರ ಮತ್ತೆ ಎಡಕ್ಕೆ ವಾಲಿತ್ತು.

ಡಿಸ್ಚಾರ್ಜ್ ಬುಕ್ಕಿನಲ್ಲಿ ಆ ನಾಲ್ಕು ತಿಂಗಳಿಗೆ ಏನೂ ಬರೆದಿಲ್ಲ. ಆ ನಾಲ್ಕು ಕಾಗದಗಳನ್ನು ಈಗ ಆ ಪುಟದಲ್ಲೇ ಇಟ್ಟಿದ್ದೇನೆ.